ಟ್ವೇಟ್ ಮನೆಯ ಎರಡು ಗಡಿಯಾರ

ಜನಗಣತಿಯ ಕೆಲಸದಲ್ಲಿ ಕಂಡದ್ದನ್ನು ಸಾಯುವ ತನಕ ಯಾರಿಗೂ ಹೇಳುವುದಿಲ್ಲ ಎಂದು ನಾನು ಬಲಗೈ ಎತ್ತಿ ಪ್ರಮಾಣ ಮಾಡಿದ್ದೇನೆ. ಅದಕ್ಕೇ ಇಲ್ಲಿ ಊರಿನ ಹೆಸರು, ಮನುಷ್ಯರ ಹೆಸರು, ಕೊನೆಗೆ ನನ್ನ ಹೆಸರು ಕೂಡ ಬದಲಿಸಿದ್ದೇನೆ. ಗಡಿಯಾರಗಳನ್ನು ಮಾತ್ರ ಬದಲಿಸಲು ಆಗಲಿಲ್ಲ.

ಅದು ರೋಗದ ವರ್ಷ, ಎರಡು ಸಾವಿರದ ಇಪ್ಪತ್ತು. ನಮ್ಮ ನಾರ್ತ್ ಡಕೋಟ ರಾಜ್ಯದ ಜನಸಂಖ್ಯೆ ಏರುತ್ತಿದೆ ಎಂದು ಪತ್ರಿಕೆಗಳು ಕುಣಿಯುತ್ತಿದ್ದವು. ಏರಿದ್ದು ಪಶ್ಚಿಮದಲ್ಲಿ, ಎಣ್ಣೆ ಬಾವಿಗಳ ಕಡೆ; ಪೂರ್ವದ ದೊಡ್ಡ ಊರುಗಳಲ್ಲಿ. ನಡುವೆ ನಮ್ಮದೊಂದು ಪ್ರಪಂಚ ಇದೆಯಲ್ಲ, ಅದರ ಲೆಕ್ಕ ನನಗೆ ಬಿದ್ದಿತ್ತು. ಹಾಲ್ಸೆತ್ ಎಂಬ ನಮ್ಮ ಊರಿನ ಸುತ್ತಮುತ್ತ ನಲವತ್ತೆರಡು ಮನೆ. ಅದರಲ್ಲಿ ಹತ್ತೊಂಬತ್ತಕ್ಕೆ ‘ಖಾಲಿ’ ಎಂದು ಬರೆದೆ. ಒಂದು ಟ್ರೇಲರ್ ಮನೆಯಲ್ಲಿ, ಕೆಲಸಕ್ಕೆಂದು ಬಂದ ಟೆಕ್ಸಸ್ಸಿನ ಏಳು ಗಂಡಸರು ಸಿಕ್ಕಾಗ ಅವರನ್ನು ಅಪ್ಪಿಕೊಳ್ಳಬೇಕು ಎನಿಸಿತ್ತು. ಉಳಿದ ಕಡೆಯೆಲ್ಲ ಒಂದು, ಒಂದು, ಒಂದು. ನನ್ನ ಮನೆಯ ನಮೂನೆಯನ್ನು ಮಾರ್ಚ್‌ನಲ್ಲೇ ತುಂಬಿ ಕಳಿಸಿದ್ದೆ. ಅಲ್ಲೂ ಒಂದೇ. ಗಂಡ ತೀರಿಕೊಂಡು ಆರು ವರ್ಷವಾದರೂ ಆ ಒಂದನ್ನು ಬರೆಯುವಾಗ ಕೈ ತಡೆಯಿತು.

ನನ್ನ ಪಟ್ಟಿಯ ಕೊನೆಯ ಮನೆ ಟ್ವೇಟ್ ಅಣ್ಣತಮ್ಮಂದಿರದು. ಅಣ್ಣ ಇಂಗ್ವಾಲ್ಡ್, ಎಪ್ಪತ್ತೆಂಟು. ತಮ್ಮ ಸೆಲ್ಮರ್, ಎಪ್ಪತ್ತನಾಲ್ಕು, ಜುಲೈನಲ್ಲಿ ತೀರಿಕೊಂಡಿದ್ದ. ಇಬ್ಬರೂ ಮದುವೆಯಾಗಲಿಲ್ಲ. ಅಣ್ಣ ಅಡುಗೆ ನೋಡಿಕೊಂಡ, ತಮ್ಮ ಹಸು ನೋಡಿಕೊಂಡ. ಚೆನ್ನಾಗಿಯೇ ಇದ್ದರು, ನಮ್ಮ ಕೌಂಟಿಯ ಜನ ಗಡಿಯಾರಕ್ಕೆ ಮತ ಹಾಕುವ ತನಕ.

ನಮ್ಮ ಕೌಂಟಿ ಇರುವುದು ಎರಡು ಕಾಲವಲಯಗಳ ಗಡಿಯಲ್ಲಿ. ಮೊದಲು ನಾವೆಲ್ಲ ಪರ್ವತದ ಕಡೆಯ ನಿಧಾನ ಗಂಟೆಯಲ್ಲಿದ್ದೆವು. ಗಣತಿಗೆ ಹತ್ತು ವರ್ಷ ಮೊದಲು ಮತ ಹಾಕಿ ಒಂದು ಗಂಟೆ ಮುಂದಿನ ವೇಗದ ಗಂಟೆಗೆ ಬಂದೆವು. ಇಂಗ್ವಾಲ್ಡ್ ಹೊಸದಕ್ಕೆ ಮತ ಹಾಕಿದ. ಸೆಲ್ಮರ್ ಮಾತ್ರ, “ನನ್ನ ಹಸುಗಳನ್ನ ಯಾರೂ ಕೇಳ್ಲಿಲ್ಲ” ಎಂದು ಹಳೆಯದಕ್ಕೇ ಅಂಟಿಕೊಂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಇಬ್ಬರೂ. ಅಡುಗೆಮನೆಯಲ್ಲಿ ಎರಡು ಗಡಿಯಾರ ಬಂದವು. ಅಣ್ಣ ತನ್ನ ಹನ್ನೆರಡಕ್ಕೆ ಉಂಡು ಏಳುತ್ತಿದ್ದ, ತಮ್ಮ ತನ್ನ ಹನ್ನೆರಡಕ್ಕೆ ಒಳಗೆ ಬರುತ್ತಿದ್ದ. ಮೊದಲು ತಮಾಷೆ, ಆಮೇಲೆ ಹಠ, ಆಮೇಲೆ ಮಾತೇ ನಿಂತುಹೋಯಿತು. ಹತ್ತು ವರ್ಷ ಒಂದೇ ಸೂರಿನ ಕೆಳಗೆ ಒಂದೇ ಪಾತ್ರೆಯ ಸಾರು ಉಂಡರು, ಒಟ್ಟಿಗೆ ಕೂರಲಿಲ್ಲ. ನಾವು ನೋಡಿ ನಕ್ಕೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸೆಲ್ಮರ್‌ನ ಋಣ ನನ್ನ ಮೇಲಿತ್ತು. ಗಂಡ ಹೋದ ಮೇಲೆ ಪ್ರತಿ ಚಳಿಗಾಲ ಆರು ಮೈಲಿ ಟ್ರಾಕ್ಟರ್ ಓಡಿಸಿಕೊಂಡು ಬಂದು ನನ್ನ ಬಾಗಿಲ ಹಿಮ ತೆಗೆಯುತ್ತಿದ್ದವನು ಅವನು. ಒಂಬತ್ತಕ್ಕೆ ಬರುತ್ತೇನೆ ಎಂದರೆ ನನ್ನ ಗಡಿಯಾರದಲ್ಲಿ ಹತ್ತು. ಏಪ್ರಿಲ್ ಒಂದರಂದು ಬದುಕಿದ್ದವರೆಲ್ಲ ಲೆಕ್ಕಕ್ಕೆ ಸೇರಬೇಕು ಎಂಬುದು ಗಣತಿಯ ನಿಯಮ. ಸೆಲ್ಮರ್ ಸೇರಬೇಕು. ಹೆಂಡತಿ ಮಕ್ಕಳಿಲ್ಲದ ಮನುಷ್ಯ, ಈ ಲೆಕ್ಕದಲ್ಲೂ ಇಲ್ಲವಾದರೆ ಇನ್ನೆಲ್ಲಿ ಇರುತ್ತಾನೆ?

ಎರಡು ಸಲ ಹೋಗಿ ಬಂದಿದ್ದೆ. ಎರಡು ಸಲವೂ ಇಂಗ್ವಾಲ್ಡ್ “ಒಬ್ಬನೇ” ಎಂದು ಬಾಗಿಲು ಹಾಕಿಕೊಂಡಿದ್ದ. ಮೂರು ಸಲ ಸರಿಯಾದ ಉತ್ತರ ಸಿಗದಿದ್ದರೆ ನೆರೆಯವರನ್ನು ಕೇಳಬಹುದು. ಅವನಿಗೆ ಉಳಿದಿದ್ದ ನೆರೆಯವಳು ನಾನೇ. ನಾನೇ ಕೇಳಿ ನಾನೇ ಹೇಳುವ ಹಾಗಿಲ್ಲ. ಮೂರನೇ ಸಲವೂ ಅವನ ಬಾಯಿಂದ ಬರದಿದ್ದರೆ ‘ಒಂದು’ ಎಂದೇ ಕಳಿಸಬೇಕಿತ್ತು.

ಊಟದ ಹೊತ್ತಿಗೆ ಮನೆಯಲ್ಲಿರುತ್ತಾನೆ ಎಂದು ಲೆಕ್ಕ ಹಾಕಿ ಹನ್ನೆರಡೂಕಾಲಿಗೆ ಹೋದೆ. ಊಟಕ್ಕೆ ಕೂತಿರಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಹಳೆಯ ಟ್ರಾಕ್ಟರನ್ನೇ ನೋಡುತ್ತಿದ್ದ. ನಾನು ಆರಡಿ ದೂರದಲ್ಲಿ ಮುಖಗವುಸು ಹಾಕಿಕೊಂಡು ನಿಂತೆ.

“ಮತ್ತೆ ಬಂದ್ಯಾ, ರೊಸೀನಾ? ಬಾಯಿಗೆ ಬಟ್ಟೆ ಕಟ್ಟಿದ್ರೂ ನಿನ್ ಬಾಯಿ ನಿಲ್ಲಲ್ಲ ನೋಡು.”

“ಊಟ ಆಯ್ತಾ?”

“ಇನ್ನೂ ಹೊತ್ತಾಗಿಲ್ಲ.”

ನನಗೆ ಅದು ಆಗ ಹೊಳೆಯಲಿಲ್ಲ. ಗಣತಿಯ ಫೋನ್ ತೆಗೆದು ಪ್ರಶ್ನೆ ಶುರು ಮಾಡಿದೆ. ಹುಟ್ಟಿದ ದಿನ ಹೇಳಿದ. ನಿಮ್ಮ ಮೂಲ ಯಾವುದು ಎಂದಾಗ ಮೀಸೆಯಡಿ ನಗು ಬಂತು.

“ನಾರ್ವೆ. ನಿಮ್ ಥರ ಅಲ್ಲಮ್ಮ. ನಿಮ್ ಹಿರೀಕರು ನೂರು ವರ್ಷ ರಷ್ಯಾದಲ್ಲಿ ಇದ್ರು, ಆದ್ರೂ ನೀವು ಜರ್ಮನ್ನರು ಅಂತೀರ. ನಿಮ್ಮೋರೆಲ್ಲ ಸೇರಿ ಇನ್ನೂ ತೀರ್ಮಾನ ಮಾಡಿಲ್ವಾ?”

“ನಾವು ತೀರ್ಮಾನ ಮಾಡ್ಕೊಂಡೇ ಹಿಟ್ಟು ಕಡುಬು ತಂದಿದ್ದು. ನಿಮ್ಮೋರು ಏನ್ ತಂದ್ರು? ನಾರೋ ಒಣಮೀನು.”

ನಕ್ಕ. ಅದೇ ಸಮಯ ಎಂದುಕೊಂಡು ಕೇಳಿದೆ: “ಏಪ್ರಿಲ್ ಒಂದರಂದು ಈ ಮನೇಲಿ ಎಷ್ಟು ಜನ ಇದ್ರಿ?”

ನಗು ಆರಿತು. “ಒಬ್ಬ.”

“ಇಂಗ್ವಾಲ್ಡ್, ಸೆಲ್ಮರ್ ಹೋಗಿದ್ದು ಜುಲೈನಲ್ಲಿ.”

“ನಾನು ಒಬ್ಬನೇ ಉಣ್ತಿದ್ದೆ. ಒಬ್ಬನೇ ಮಲಗ್ತಿದ್ದೆ. ಒಬ್ಬ ಅಂತ ಬರ್ಕೊ. ಆಮೇಲೆ ಹೊರಡು.”

“ಬರೆಯಲ್ಲ.” ನನಗೆ ಸಿಟ್ಟು ಮೂಗಿನ ತುದಿಗೆ ಬಂದಿತ್ತು. “ಹತ್ತು ವರ್ಷ ಅವನನ್ನ ಮನುಷ್ಯ ಅಂತ ಎಣಿಸ್ಲಿಲ್ಲ. ಸತ್ತ ಮೇಲೂ ಎಣಿಸಲ್ವಾ? ಎಂಥ ಕಲ್ಲು ಮನಸ್ಸಯ್ಯ ನಿಂದು!”

ಹಾಗೆ ಹೇಳಬಾರದಿತ್ತು. ಸರ್ಕಾರದ ಗುರುತಿನ ಚೀಟಿ ಕತ್ತಿಗೆ ಹಾಕಿಕೊಂಡು ಹೇಳುವ ಮಾತಲ್ಲ ಅದು. ಅವನು ಬಯ್ಯುತ್ತಾನೆ ಎಂದು ಕಾದೆ. ಅವನು ಟ್ರಾಕ್ಟರಿನ ಹಿಂದಿನ ಚಕ್ರದ ಕಡೆ ಕೈ ತೋರಿಸಿದ.

“ಅಲ್ಲಿ ಕೂತಿದ್ದ.”

“ಯಾವಾಗ?”

“ಆ ದಿನ. ದಿನಾ ಅಲ್ಲೇ ಕೂರ್ತಿದ್ದ. ನಾನು ಉಂಡು, ತಟ್ಟೆ ತೊಳ್ದು, ಅಡುಗೆಮನೆ ಬಿಡೋ ತನಕ ಚಕ್ರಕ್ಕೆ ಒರಗ್ಕೊಂಡು ಕಾಯ್ತಿದ್ದ. ಅವನ ಗಂಟೆ ಆಗ್ಬೇಕಲ್ಲ. ಅವತ್ತೂ ಕಿಟಕೀಲಿ ನೋಡ್ದೆ. ತಲೆ ಬಗ್ಗಿತ್ತು, ಟೋಪಿ ಕೆಳಗೆ ಬಿದ್ದಿತ್ತು. ನಿದ್ದೆ ಹತ್ತಿರಬೇಕು, ಇನ್ನೂ ಒಂದು ಗಂಟೆ ಇದೆಯಲ್ಲ ಅಂದ್ಕೊಂಡೆ. ಉಂಡೆ. ಇನ್ನೊಂದು ಲೋಟ ಕಾಫಿ ಬೇರೆ ಕುಡ್ದೆ, ರೊಸೀನಾ. ಅವನ ಗಡಿಯಾರ ಹನ್ನೆರಡು ಹೊಡೀತು. ಬರ್ಲಿಲ್ಲ.”

ನಾನು ಫೋನ್ ಹಿಡಿದ ಕೈ ಕೆಳಗಿಳಿಸಿದೆ.

“ಡಾಕ್ಟರು ಅಂದ್ರು, ಒಂದು ಗಂಟೆ ಮುಂಚೆ ಫೋನ್ ಮಾಡಿದ್ರೆ ಏನೋ ನೋಡ್ಬೋದಿತ್ತು ಅಂತ. ಕಿಟಕಿ ತೆಗೆದು ‘ಊಟಕ್ಕೆ ಬಾರೋ’ ಅಂತ ಕೂಗಿದ್ರೆ ಸಾಕಿತ್ತು. ಎರಡು ಮಾತು. ಕೂಗಿ ಉತ್ತರ ಬರದೇ ಇದ್ರೆ ಓಡ್ತಿದ್ದೆನಲ್ಲ?”

“ಓಡ್ತಿದ್ದೆ,” ಎಂದೆ. “ಖಂಡಿತ ಓಡ್ತಿದ್ದೆ.”

“ಇಬ್ಬರು ಇದ್ವಿ ಅಂತ ನಿಂಗೆ ಹೇಳಿದ್ರೆ, ಇದ್ದೋನು ಏನಾದ ಅಂತ ನಂಗೆ ನಾನೇ ಹೇಳ್ಕೋಬೇಕಾಗತ್ತೆ. ಅದಕ್ಕೇ ಒಬ್ಬ ಅಂದೆ. ಒಬ್ಬನೇ ಇದ್ದಿದ್ರೆ ಯಾರೂ ಸಾಯ್ತಿರ್ಲಿಲ್ಲ ನೋಡು.”

ಗಾಳಿಗೆ ಗೋಧಿ ಹೊಲ ಸದ್ದು ಮಾಡುತ್ತಿತ್ತು. ಕಣ್ಣು ಹಾಯುವ ತನಕ ಇನ್ನೊಂದು ಸೂರು ಕಾಣದು. ಆ ಮುದುಕನ ಹೆಗಲ ಮೇಲೆ ಕೈಯಿಡಬೇಕು ಎನಿಸಿತು. ಆ ವರ್ಷ ಅದೂ ತಪ್ಪು. ನಡುವೆ ಆರಡಿ ಬಿಟ್ಟು ನಿಂತಲ್ಲೇ ನಿಂತೆ.

ಆಮೇಲೆ ಅವನೇ ಫೋನಿನ ಕಡೆ ಬೆರಳು ತೋರಿಸಿದ. “ಬರ್ಕೊ. ಇಬ್ಬರು.”

“ಪಟ್ಟೀಲಿ ಮೊದಲು ಯಾರ ಹೆಸರು?”

“ಸೆಲ್ಮರ್ ಅಂತ ಹಾಕು. ಹತ್ತು ವರ್ಷ ದಿನಾ ಮೊದಲು ಉಂಡೋನು ನಾನು.”

“ಅವನಿಗೆ ನೀನು ಏನಾಗ್ಬೇಕು? ಇದು ಫೋನ್ ಕೇಳ್ತಿರೋದು, ನಾನಲ್ಲ.”

“ಅಣ್ಣ,” ಎಂದ. ಇನ್ನೊಮ್ಮೆ, ನಾನು ಕೇಳದೆಯೇ, “ಅಣ್ಣ ಆಗ್ಬೇಕು” ಎಂದು ಹೇಳಿ ಎದ್ದು ಒಳಗೆ ಹೋದ.

ನನಗೆ ಇನ್ನೂ ಒಂದೆರಡು ಕಡೆ ಒತ್ತುವುದಿತ್ತು. ಬಿಸಿಲಿಗೆ ಫೋನಿನ ಪರದೆ ಕಾಣಲಿಲ್ಲ. ನೆರಳಿದ್ದದ್ದು ಟ್ರಾಕ್ಟರಿನ ಪಕ್ಕದಲ್ಲಿ ಮಾತ್ರ. ಚಕ್ರಕ್ಕೆ ಒರಗಿ ನೆಲದ ಮೇಲೇ ಕೂತು ಒತ್ತಿ ಕಳಿಸಿದೆ. ಎರಡು. ನನ್ನ ಪಟ್ಟಿಯೂ ಮುಗಿಯಿತು. ಇನ್ನು ಮನೆಗೆ ಹೋಗಬೇಕು, ಅಲ್ಲಿ ಯಾರಿಗೂ ಇದನ್ನು ಹೇಳುವ ಹಾಗಿಲ್ಲ, ಹೇಳಲು ಯಾರೂ ಇಲ್ಲ ಎನ್ನುವುದು ನೆನಪಾಗಿ ಏಳಲು ಮನಸ್ಸಾಗಲಿಲ್ಲ. ತಲೆ ಬಗ್ಗಿಸಿ ಹಾಗೇ ಇದ್ದುಬಿಟ್ಟೆ.

ತಲೆ ಎತ್ತಿದಾಗ ಅಡುಗೆಮನೆಯ ಕಿಟಕಿಯಲ್ಲಿ ಅವನ ಮುಖ ಇತ್ತು. ನನ್ನನ್ನೇ ನೋಡುತ್ತಿದ್ದ. ಕೈಯಲ್ಲಿ ತಟ್ಟೆ ಇತ್ತು. ನಾನು ಎಲ್ಲಿ ಕೂತಿದ್ದೇನೆ ಎಂಬುದು ಆಗ ಹೊಳೆಯಿತು. ಏಳಲು ಹೊರಟೆ. ಅಷ್ಟರಲ್ಲಿ ಕಿಟಕಿಯ ಗಾಜು ದಢಾರನೆ ಮೇಲಕ್ಕೆ ಸರಿದು ತೆರೆಯಿತು.

“ಊಟಕ್ಕೆ ಬಾ!”

ಎಷ್ಟು ಜೋರಾಗಿ ಕೂಗಿದನೆಂದರೆ, ದನದ ಕೊಟ್ಟಿಗೆಯ ಮಾಡಿನಿಂದ ಪಾರಿವಾಳಗಳೆಲ್ಲ ಎದ್ದುಹೋದವು. ಇದ್ದದ್ದು ಇಪ್ಪತ್ತು ಹೆಜ್ಜೆ ದೂರ.

“ಕೇಳಿಸ್ತೇನೇ? ಊಟಕ್ಕೆ ಬಾ!”

“ಕೇಳಿಸ್ತು!” ಎಂದು ನಾನೂ ಕೂಗಿದೆ. “ಬಂದೆ!”

ಒಳಗೆ ಹೋಗಬಾರದು, ಯಾರ ಮನೆಯಲ್ಲೂ ಉಣ್ಣಬಾರದು ಎಂದು ನಮಗೆ ಮೂರು ಮೂರು ಸಲ ಹೇಳಿಕೊಟ್ಟಿದ್ದರು. ಹೋದೆ. ಅಡುಗೆಮನೆಯಲ್ಲಿ ಅವನ ಗಡಿಯಾರ ನಿಂತುಹೋಗಿತ್ತು, ಎಷ್ಟು ದಿನದಿಂದಲೋ. ಸೆಲ್ಮರ್‌ನದು ಹನ್ನೆರಡು ಹೊಡೆಯುತ್ತಿತ್ತು. ಮೇಜಿನ ಮೇಲೆ ಎರಡು ತಟ್ಟೆ ಇತ್ತು.