ಫಕೀರಪ್ಪನನ್ನು ಕೂರಿಸಿದ್ದು

"ಕೂರ್ಸೋ ಗುಂಡಿನಾ, ಮಲಗ್ಸೋ ಗುಂಡಿನಾ, ಬೇಗ ಹೇಳ್ಬಿಡಿ ಸಾರ್. ಜೆಸಿಬಿ ನಿಂತದೆ."

ಫೋನಿನಲ್ಲಿ ಕೇಳುತ್ತಿದ್ದವನು ರುದ್ರಭೂಮಿಯ ಕಾವಲುಗಾರ. ಸಂಗಮೇಶ ನಡುಮನೆಯಲ್ಲಿ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಕಡೆ ನೋಡಿದ. ಒಳಗೆ ಅವನ ಅಪ್ಪ ಫಕೀರಪ್ಪ ಕಾಲು ನೀಡಿಕೊಂಡು ಮಲಗಿದ್ದ. ಐಸ್ ಪೆಟ್ಟಿಗೆಯ ಮೋಟಾರು ಫ್ರಿಜ್ಜಿನ ಹಾಗೆ ಗುಂಯ್ ಎನ್ನುತ್ತಿತ್ತು.

"ಸ್ವಲ್ಪ ಇರಿ, ನಾನೇ ಫೋನ್ ಮಾಡ್ತೀನಿ."

ಫೋನ್ ಇಟ್ಟ ಮೇಲೆ ಅವನು ಶರಣುವಿನ ಮುಖ ನೋಡಿದ. ಶರಣು ಇರುವುದು ಬೆಂಗಳೂರಿನ ಇದೇ ಶೆಟ್ಟಿಹಳ್ಳಿಯಲ್ಲಿ, ಊರು ಇವರ ಹಾಗೆಯೇ ಬಾಗಲಕೋಟೆ ಕಡೆ. ಸುದ್ದಿ ತಿಳಿದು ಬೆಳಗಾಗುವ ಮೊದಲೇ ಬಂದಿದ್ದ. ಪೆಟ್ಟಿಗೆಯ ಮುಚ್ಚಳ ತೆಗೆದು ಫಕೀರಪ್ಪನ ಮೊಣಕಾಲು ಮಡಿಸಲು ನೋಡಿ ಸೋತಿದ್ದ.

"ಕಟಗಿ ಆಗೈತ್ರಿ ಅಣ್ಣಾ," ಎಂದ. "ಹಿಂಗ ಎಳದ್ರ ಮುರದು ಹೋಗ್ತೈತಿ ಅನಸ್ತದ."

ಲಿಂಗಾಯತರಾದ ಅವರಲ್ಲಿ ಸತ್ತವರನ್ನು ಮಲಗಿಸಿ ಹೂಳುವ ಪದ್ಧತಿಯಿಲ್ಲ. ಚಕ್ಕಳಮಕ್ಕಳ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂತ ಹಾಗೆಯೇ ಮಣ್ಣು ಮಾಡಬೇಕು. ಮೈ ಬಿಗಿಯುವ ಮೊದಲೇ ಕೂರಿಸಬೇಕು. ಈ ಸುತ್ತಿನಲ್ಲಿ ನೆಲೆಸಿದ ಆ ಕಡೆಯ ಜನರ ಮನೆಗಳಲ್ಲಿ ಯಾರೇ ತೀರಿಕೊಂಡರೂ ಆ ಕೆಲಸಕ್ಕೆ ಬರುತ್ತಿದ್ದವನು ಫಕೀರಪ್ಪನೇ. ಚಪ್ಪಲಿ ಬಿಡುವ ಮುಂಚೆ ಅವನು ಹೇಳುತ್ತಿದ್ದ ಮೊದಲ ಮಾತು, "ಐಸ್ ಪೆಟಗಿ ತರಿಸಬ್ಯಾಡ್ರಿ."

ನಿನ್ನೆ ಸಂಜೆ ಆಸ್ಪತ್ರೆಯಿಂದ ಬರುವಾಗ ಆಂಬ್ಯುಲೆನ್ಸಿನವನು, "ಬಾಕ್ಸ್ ಹೇಳ್ಲಾ ಸಾರ್?" ಎಂದು ಕೇಳಿದ್ದ. ಸಂಗಮೇಶ ಹೂಂ ಎಂದಿದ್ದ. ಅವನ ತಾಯಿ ಈರವ್ವ ಪಕ್ಕದಲ್ಲೇ ಇದ್ದಳು. "ಪೆಟಗಿ ಬ್ಯಾಡೋ ಸಂಗೂ," ಎಂದಿದ್ದಳು.

"ನೀ ಸುಮ್ನ ಕೂಡವ್ವ. ನಾ ಎಲ್ಲಾ ನೋಡ್ಕೋತೀನಿ."

ಈಗ ಅವಳು ಗೋಡೆಗೆ ಒರಗಿ ಕೂತಿದ್ದಳು. ಕೆಳಗಿನ ಮನೆಯ ರತ್ನಕ್ಕ ಲೋಟದಲ್ಲಿ ಕಾಫಿ ಹಿಡಿದುಕೊಂಡು ಕುಡಿಯಿರಿ ಎಂದು ಬಲವಂತ ಮಾಡುತ್ತಿದ್ದಳು. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೀದಿಯ ಹಿರಿಯ ಮುನಿನಾರಾಯಣಪ್ಪ ಕೂತಿದ್ದ.

"ಆಗಿದ್ದಾಯ್ತು ಬುಡಪ್ಪ," ಎಂದ ಅವನು. "ನಮ್ಮಲ್ಲೆಲ್ಲ ಮಲಗ್ಸೇ ಮಣ್ ಮಾಡೋದು. ಇಂಗೇ ತಕ್ಕೊಂಡೋಗನ. ಅಲ್ಲೇನು ಸೀಟ್ ಸಿಗಾಕಿಲ್ವಾ?"

"ಸುಮ್ಕಿರಣ್ಣ, ಸಾವಿನ ಮನೇಲೂ ನಿನ್ನ ಬಾಯಿ," ಎಂದು ರತ್ನಕ್ಕ ಗದರಿದಳು.

"ಕಾಕಾನವರು ಗೊರಗುಂಟೆಪಾಳ್ಯದ ಸಿಗ್ನಲ್‌ನಾಗ ಸಿಕ್ಕೊಂಡಾರಂತ," ಎಂದಳು ಸ್ಮಿತಾ. ಸಂಗಮೇಶನ ಹೆಂಡತಿ. ಊರಿನಿಂದ ರೈಲಿಗೆ ಬಂದ ಫಕೀರಪ್ಪನ ತಮ್ಮ ಯಶವಂತಪುರದಲ್ಲಿ ಇಳಿದು ಆಟೊದಲ್ಲಿ ಬರುತ್ತಿದ್ದ. "ಈಗ ಬಂದ್ ಬಿಡ್ತಾರ. ಮಲಗಿಸಿದ್ದು ನೋಡಿದ್ರ ಏನಂತಾರ?"

ಸಂಗಮೇಶ ತಲೆ ತಗ್ಗಿಸಿ ಫೋನನ್ನು ಬೆರಳಲ್ಲಿ ತಿರುಗಿಸಿದ. "ಮಲಗ್ಸೋ ಗುಂಡಿ ಅಂತ ಹೇಳೂದ ಬಿಟ್ರ ದಾರಿ ಇಲ್ಲ," ಎಂದ.

*

ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮಷೀನು ನಡೆಸುತ್ತಿದ್ದ ಫಕೀರಪ್ಪ ನಿವೃತ್ತನಾದಾಗ ಸಂಗಮೇಶ ಹೇಳಿದ್ದು ಒಂದೇ ಮಾತು: "ಇಷ್ಟ ದಿನಾ ದುಡದೀರಿ. ಇನ್ನ ಆರಾಮ ಕೂಡ್ರಿ." ಹೇಳಿದ್ದನ್ನು ಮಾಡಿಯೂ ತೋರಿಸಿದ. ಹಾಲು, ತರಕಾರಿ ಮನೆ ಬಾಗಿಲಿಗೆ ಬರುವ ಹಾಗಾಯಿತು. ಕರೆಂಟು ಬಿಲ್ಲು ಫೋನಿನಲ್ಲೇ ಹೋಯಿತು. ಅವ್ವನಿಗೆ ಮೊಣಕಾಲು ನೋವೆಂದು ಅಡುಗೆಗೆ ಒಬ್ಬಳನ್ನು ಇಟ್ಟ. ರೊಟ್ಟಿ ಖಾನಾವಳಿಯಿಂದ ಬಂತು. ಹೆಬ್ಬಾಳದ ಆಫೀಸಿಗೆ ಹೋಗುವ ಮುಂಚೆ ದಿನಾ ಕೇಳುತ್ತಿದ್ದ, "ಏನರ ಬೇಕೇನ್ರಿ?" ಇಬ್ಬರೂ ಏನೂ ಬೇಡ ಎನ್ನುತ್ತಿದ್ದರು.

ಫಕೀರಪ್ಪ ಟಿವಿಯ ಮುಂದೆ ಕೂತ. ಕೂತವನು ಮಾತು ಕಡಿಮೆ ಮಾಡಿದ. ಇವತ್ತು ಯಾವ ವಾರ ಎಂದು ಕೇಳತೊಡಗಿದ. ಅಂಗಿಯ ಗುಂಡಿಗಳು ಒಂದು ಮನೆ ತಪ್ಪಿ ಕೂರುತ್ತಿದ್ದವು.

ಆಗ ಶರಣುವಿನ ಅಪ್ಪ ತೀರಿಕೊಂಡ. ಕೂರಿಸುವುದು ಗೊತ್ತಿದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹಿರಿಯರು ಇವರೊಬ್ಬರೇ ಎಂದು ಫಕೀರಪ್ಪನನ್ನು ಕರೆದುಕೊಂಡು ಹೋದರು. ಊರಿನಲ್ಲಿ ಅಪ್ಪ, ಅಜ್ಜಂದಿರು ಮಾಡಿದ್ದನ್ನು ಕಂಡಿದ್ದನೇ ಹೊರತು ಅವನೂ ಎಂದೂ ಮಾಡಿದವನಲ್ಲ. ಸಂಜೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಉಣ್ಣಲು ಕೂತಾಗ ಕೇಳಿ ಹಾಕಿಸಿಕೊಂಡು ಉಂಡ. ಉಣ್ಣುತ್ತಲೇ ಎಲ್ಲ ಹೇಳಿದ.

ಅಲ್ಲಿಂದ ಮುಂದೆ ಕರೆಗಳು ಬರತೊಡಗಿದವು. ಸ್ಮಿತಾ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದಳು.

"ಈ ವಯಸ್ಸಿನಾಗ ಹೆಣದ ಮನಿ ತಿರಗೂದು ಯಾಕ ಬೇಕಾಗೇತಿ?" ಎಂದು ಸಂಗಮೇಶ ಸಿಡುಕಿದ.

"ಅಂಗಿ ಗುಂಡಿ ನೋಡ್ರಿ," ಎಂದಳು ಸ್ಮಿತಾ. "ಈಗ ಬರೋಬರಿ ಹಾಕ್ಕೋತಾರ."

ಈರವ್ವನ ವಿಚಾರ ಮಾತ್ರ ಯಾರಿಗೂ ಹೊಳೆಯಲಿಲ್ಲ. ಅವಳು ಕಿಟಕಿಯ ಬಳಿ ಕೂತು ಸ್ಕೂಟರ್ ಹೋಗುವುದನ್ನು ನೋಡುತ್ತಿದ್ದಳು.

*

"ಪೆಟಗಿ ಬಂದ್ ಮಾಡ್ರಿ."

ಎಲ್ಲರೂ ತಿರುಗಿದರು. ಈರವ್ವ ಗೋಡೆಗೆ ಕೈ ಕೊಟ್ಟು ಏಳುತ್ತಿದ್ದಳು.

"ಅವ್ವ, ನೀ ಸುಮ್ನ..."

"ಎಷ್ಟ ವರ್ಷ ಸುಮ್ನ ಕೂಡ್ಲೋ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿದಳು. "ಸ್ಮಿತಾ, ನೀರು ಕಾಸು. ಕೈ ಸುಡುವಷ್ಟು ಬ್ಯಾಡ, ಕೂಸಿಗೆ ಎರಿಯುವಷ್ಟು ಬೆಚ್ಚಗ. ಹಳೇ ಧೋತರ ಎಷ್ಟದಾವ ಎಲ್ಲಾ ತಾ. ಶರಣು, ಅವರನ್ನ ಕೆಳಗ ಚಾಪಿ ಮ್ಯಾಲ ತಗೀರಿ."

ಸ್ಮಿತಾ ಪ್ಲಗ್ಗು ಕಿತ್ತಳು. ಮನೆಯಲ್ಲಿ ಒಮ್ಮೆಲೇ ಸದ್ದಡಗಿತು.

"ಅತ್ತೀ, ನಿಮಗ ಬರ್ತದೇನ್ರಿ?" ಎಂದು ಕೇಳಿದಳು.

"ನೋಡೂಣು."

*

ಶರಣುವಿನ ಮನೆಯಿಂದ ಬಂದ ಮರುದಿನ ಫಕೀರಪ್ಪ ಮಲಗುವ ಕೋಣೆಯ ಬಾಗಿಲು ಮುಂದೆ ಮಾಡಿದ್ದ. ಹಿಂದಿನ ದಿನ ಕಟ್ಟಿದ ಗಂಟು ತನಗೇ ಸರಿ ಕಂಡಿರಲಿಲ್ಲ. ಮೆರವಣಿಗೆಯಲ್ಲಿ ಹೆಣ ಒಂದು ಕಡೆ ವಾಲಿತ್ತು.

"ಒಂದೀಟು ಚಕ್ಕಳಮಕ್ಕಳ ಹಾಕಿ ಕೂಡು," ಎಂದ ಹೆಂಡತಿಗೆ.

"ಯಾಕ್ರೀ?"

"ಕೂಡಂದ್ರ ಕೂಡು."

ಧೋತರವನ್ನು ಅವಳ ಮೊಣಕಾಲಿನ ಕೆಳಗೆ ಹಾಯಿಸಿ ಬೆನ್ನಿಗೆ ತಂದ. ಆಗ ಅವಳಿಗೆ ಅರ್ಥವಾಯಿತು.

"ಅಯ್ಯ ನನ ಶಿವನ! ಜೀವ ಇದ್ದಾಕಿನ್ನ ಹೆಣಾ ಮಾಡಿ ಕೂಡಸ್ತೀರಲ್ರೀ!"

"ನಗಬ್ಯಾಡ. ನಕ್ರ ಗಂಟು ಸಡ್ಲ ಆಗ್ತದ. ಮೈ ಪೂರಾ ಬಿಡು."

ಅವಳು ಮೈ ಬಿಟ್ಟಳು. ತಲೆ ಮುಂದಕ್ಕೆ ಬಿತ್ತು. "ಕುತ್ತಿಗಿಗೆ ಹತ್ತಾಕತ್ತೈತ್ರಿ," ಎಂದಳು, ಹೆಣವಾಗಿಯೇ. "ರಟ್ಟಿ ಕೆಳಗ ಬರಲಿ." ಅವನು ಬಿಚ್ಚಿ ಮತ್ತೆ ಕಟ್ಟಿದ. ಆಮೇಲೂ ಹೊಸದೇನಾದರೂ ಹೊಳೆದಾಗಲೆಲ್ಲ, ಸೊಂಟ ಬಿಗಿದವರು, ಬೊಜ್ಜಿನವರು, ಗೂನು ಬೆನ್ನಿನವರು, ಎಲ್ಲರ ಪರವಾಗಿ ಅವಳೇ ಕೂತಳು. ಅವನು ಮೊದಲು ಸೊಂಟ, ಆಮೇಲೆ ಮೊಣಕಾಲು ಎನ್ನುತ್ತ ಅವಳ ಕಾಲು ಮಡಿಸುತ್ತಿದ್ದ. ಮಗ, ಸೊಸೆ ಟಿವಿ ನೋಡುವ ಹೊತ್ತಿನಲ್ಲಿ ಒಳಗೆ ಇಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

*

ಬೆಚ್ಚಗಿನ ಧೋತರ ಮೊದಲು ಸೊಂಟದ ಕೀಲಿಗೆ ಬಿತ್ತು. ಆರಿದ ಬಟ್ಟೆಯನ್ನು ಸ್ಮಿತಾ ತೆಗೆದು ಬಿಸಿಯದನ್ನು ಕೊಡುತ್ತಿದ್ದಳು. ಈರವ್ವ ಒತ್ತಿ, ತಿಕ್ಕಿ, ಸ್ವಲ್ಪವೇ ಅಲುಗಾಡಿಸಿ ಬಿಟ್ಟು, ಮತ್ತೆ ತಿಕ್ಕಿದಳು.

"ಎಳೀಬ್ಯಾಡ," ಎಂದಳು ಶರಣುವಿಗೆ. "ಕಾಲು ಹಿಡದು ಎಳದ್ರ ಬರೂದಿಲ್ಲ. ತೊಡಿ ಕೆಳಗ ಕೈ ಕೊಟ್ಟು ಎತ್ತು."

ಬಹಳ ಹೊತ್ತು ಏನೂ ಆಗಲಿಲ್ಲ. ಮುನಿನಾರಾಯಣಪ್ಪ ಕುರ್ಚಿ ಹತ್ತಿರ ಎಳೆದುಕೊಂಡು ಬಾಯಿ ತೆರೆದು ನೋಡುತ್ತಿದ್ದ. ಸಂಗಮೇಶನ ಫೋನು ಬಡಿದುಕೊಂಡಿತು.

"ಸಾರ್, ಜೆಸಿಬಿಯವ್ನು ಹೊಂಟೋಯ್ತೀನಿ ಅಂತವ್ನೆ."

ಸಂಗಮೇಶ ಅವ್ವನ ಬೆನ್ನು ನೋಡಿದ. ಕುಪ್ಪಸ ಬೆವರಿನಿಂದ ತೊಯ್ದು ಅಂಟಿಕೊಂಡಿತ್ತು. ಅವನು ಬಗ್ಗಿ ಫೋನನ್ನು ಅವಳ ಕಿವಿಗೆ ಹಿಡಿದ.

"ಕೂಡಸೂದು," ಎಂದಳು ಈರವ್ವ.

"ಯಾರಮ್ಮ ನೀವು?"

"ಅವರ ಮನಿಯಾಕಿ."

ಅವಳು ಹೇಳಿ ಮುಗಿಸಿದಾಗಲೂ ಕಾಲು ಮಡಚಿಕೊಂಡಿರಲಿಲ್ಲ. ರತ್ನಕ್ಕ ಸ್ಮಿತಾಳ ಕಡೆ ನೋಡಿದಳು. ಮೆಟ್ಟಿಲ ಕೆಳಗೆ ಆಟೊ ನಿಂತ ಸದ್ದಾಯಿತು. ಆಗ ಶರಣು, "ಬಂತ್ರಿ, ಅಮ್ಮಾರ... ಬಂತು," ಎಂದ. ಸೊಂಟ ಮಣಿದಿತ್ತು. ಅದರ ಹಿಂದೆ ಎಡಗಾಲು. ಬಲಗಾಲು ಹಟ ಮಾಡಿ ಕೊನೆಗೆ ಅರ್ಧ ಮಡಚಿಕೊಂಡಿತು.

"ಸಾಕು," ಎಂದಳು ಈರವ್ವ. "ಬದುಕಿದ್ದಾಗೂ ಆ ಕಾಲು ಅಷ್ಟ ಮಡಸ್ತಿತ್ತು."

ಎತ್ತಿ ಕೂರಿಸಿದಾಗ ಫಕೀರಪ್ಪ ಹಿಂದಕ್ಕೆ ವಾಲಿದ. ಈರವ್ವ ಅವನ ಹಿಂದೆ ಕೂತು ಬೆನ್ನಿಗೆ ಬೆನ್ನು ಕೊಟ್ಟಳು. ಹಾಗೆ ಕೂತೇ ಹೇಳಿದಳು: "ಸಂಗೂ, ಧೋತರ ಮೊಣಕಾಲ ಕೆಳಗ ಹಾಯಿಸು. ರಟ್ಟಿ ಕೆಳಗ ತಾ. ಕುತ್ತಿಗಿಗೆ ಬ್ಯಾಡ." ಸಂಗಮೇಶ ಕಟ್ಟಿದ. ಒಂದು ಗಂಟು ಜಾರಿತು. "ಬಿಚ್ಚಿ ಮತ್ತ ಕಟ್ಟು," ಎಂದಳು. ಅವನು ಮತ್ತೆ ಕಟ್ಟಿದ.

ಒಳಗೆ ಬಂದ ಫಕೀರಪ್ಪನ ತಮ್ಮ ಬಾಗಿಲಲ್ಲೇ ಅಳುತ್ತ ಕೂತುಬಿಟ್ಟ. ಅಣ್ಣ ಹೇಗೆ ಕೂತ, ಯಾರು ಕೂರಿಸಿದರು ಎಂದು ಅವನು ಕೇಳಲೇ ಇಲ್ಲ. ಕೇಳುವಂಥದ್ದೇನೂ ಅವನಿಗೆ ಕಾಣಲಿಲ್ಲ.

ಸ್ವಾಮಿಗಳು ಬಂದು ಪೂಜೆ ಮುಗಿಸುವ ಹೊತ್ತಿಗೆ ಹೂವಿನ ಮಂಟಪ ಕಟ್ಟಿದ ಟೆಂಪೊ ಬಂತು. ಫಕೀರಪ್ಪನನ್ನು ಕೂತ ಹಾಗೆಯೇ ಎತ್ತಿ ಒಳಗಿಟ್ಟರು. ಸಂಗಮೇಶ ಅವ್ವನಿಗಾಗಿ ಕಾರಿನ ಬಾಗಿಲು ತೆಗೆದು ನಿಂತಿದ್ದ. ಅವಳು ಅತ್ತ ಹೋಗದೆ ಟೆಂಪೊದ ಹಿಂಬದಿಗೆ ಕೈ ಹಾಕಿದಳು. ಅವನು ಕಾರಿನ ಬಾಗಿಲು ಹಾಕಿ ಬಂದು, ಅವಳ ಸೊಂಟಕ್ಕೆ ಕೈ ಕೊಟ್ಟು ಮೇಲಕ್ಕೆತ್ತಿದ.

ಆ ರಸ್ತೆಯಲ್ಲಿ ಹಂಪುಗಳು ಜಾಸ್ತಿ. "ಮೆಲ್ಲಕ," ಎಂದಳು ಈರವ್ವ. ಮೊದಲನೆಯದನ್ನು ಡ್ರೈವರ್ ಹಾರಿಸಿಯೇಬಿಟ್ಟ. ಎರಡನೆಯದಕ್ಕೆ ಅವಳು ಕ್ಯಾಬಿನ್ನಿನ ತಗಡಿಗೆ ಅಂಗೈಯಿಂದ ಬಡಿದಳು. ಅಲ್ಲಿಂದ ಮುಂದೆ ಅವನು ಹಂಪು ಕಂಡ ಕೂಡಲೇ ಗಾಡಿ ನಿಲ್ಲಿಸುತ್ತಿದ್ದ. ಅವಳು ಗಂಡನ ಬೆನ್ನಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ಮಂಟಪದ ಬೊಂಬು ಹಿಡಿದು, ಸರಿಯಾಗಿ ಕೂತು, ಇನ್ನು ಹೋಗು ಎಂದು ತಲೆ ಆಡಿಸುತ್ತಿದ್ದಳು. ಹಿಂದಿನಿಂದ ಹಾರ್ನ್ ಕೇಳುತ್ತಿತ್ತು. ಡ್ರೈವರ್ ಕನ್ನಡಿ ನೋಡುತ್ತ ಕಾಯುತ್ತಿದ್ದ.