ಮೂರು ಬಕ್ರೀದಿನ ವಾಯಿದೆ

ಪುತ್ತೂರಿನ ವಕೀಲ ಕೃಷ್ಣಮೋಹನರ ಮುಂದೆ ಕೂತು ಕಾಣಿಯೂರಿನ ನೆಬೀಸ ಕೇಳಿದ್ದು ಕೇಸನ್ನಲ್ಲ, ಬೈಗುಳವನ್ನು. ಕೇಸು ಹಾಕುವ ವಾಯಿದೆ ಹೇಗೂ ಮುಗಿದಿದೆ, ಆ ಹಲ್ಲಿನ ಡಾಕ್ಟರ ಮಾನ ಹೋಗುವಂಥ ಒಂದು ಕಾಗದವನ್ನಾದರೂ ಬರೆದುಕೊಡಿ ಎಂದಳು.

ಮಾತಾಡುವಾಗ ಅವಳ ಕೆಳತುಟಿಯ ಎಡಬದಿಯಿಂದ ಜೊಲ್ಲು ಇಳಿಯುತ್ತಿತ್ತು. ಇಳಿದದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ತಲೆವಸ್ತ್ರದ ತುದಿಯನ್ನು ಸದಾ ಅಲ್ಲಿಗೆ ಒತ್ತಿಕೊಂಡಿದ್ದಳು. ಎಂಬತ್ತೊಂದರ ಬಕ್ರೀದಿನ ಮರುದಿನ ಡಾಕ್ಟರ್ ಪ್ರೇಮನಾಥ ಅವಳ ದವಡೆಹಲ್ಲು ಕಿತ್ತಿದ್ದರು. ಬೇರು ತುಂಡಾಗಿ ಒಳಗೇ ಉಳಿಯಿತು. ಉಳಿದದ್ದನ್ನು ಅವರು ಹೇಳಲಿಲ್ಲ. ಕೀವು ನುಂಗಿಕೊಂಡು ಆರು ಸಲ ಹೋದಾಗಲೂ ಉಪ್ಪುನೀರು ಮುಕ್ಕಳಿಸಲು ಹೇಳಿ ಕಳಿಸಿದರು. ಕೊನೆಗೆ ಮಂಗಳೂರಿನಲ್ಲಿ ದವಡೆ ಕೊರೆದು ಬೇರು ತೆಗೆಯುವಷ್ಟರಲ್ಲಿ ತುಟಿಯ ನರ ಸತ್ತಿತ್ತು. ಜೀವ ಬರುತ್ತದೆ, ಒಂದೆರಡು ವರ್ಷ ಕಾಯಬೇಕು ಎಂದರು ಪ್ರೇಮನಾಥ. ಕಾದಳು. ಮೊನ್ನೆ ಹೋಗಿ, ಮೂರು ಬಕ್ರೀದ್ ಕಳೆಯಿತು, ಜೀವ ಎಲ್ಲಿ ಎಂದು ಕೇಳಿದಳು. ಅವರು ಆ ಮಾತನ್ನೇ ಹಿಡಿದುಕೊಂಡರು.

"ಮೂರು ವರ್ಷ ಆಯ್ತಲ್ಲ ಮಾರಾಯ್ತಿ. ಇನ್ನು ಕೋರ್ಟು ಕೇಳುದಿಲ್ಲ. ಬೇರು ತುಂಡಾಗುದು ಯಾರ ಕೈಯಲ್ಲೂ ಉಂಟು."

ನೆಬೀಸ ಬೀಡಿ ಕಟ್ಟುವವಳು. ಒಂದು ಬೀಡಿ ಸಡಿಲಾದರೆ ಬೀಡಿ ಕೊಳ್ಳುವ ಬ್ರಾಂಚಿನ ಚೆಕ್ಕರ್ ಇಡೀ ಕಟ್ಟನ್ನು ಅವಳೆದುರೇ ಮುರಿದು ಬಿಸಾಡುತ್ತಾನೆ. ಕೈತಪ್ಪಿತು ಎಂದರೆ ಕೇಳುವವರಿಲ್ಲ. ಎಲೆಗೂ ಹೊಗೆಸೊಪ್ಪಿಗೂ ಇರುವ ತಪಾಸಣೆ ಬಡವರ ದವಡೆಗೆ ಇಲ್ಲವೇ?

ವಕೀಲರು ಪೆನ್ನು ಕೆಳಗಿಟ್ಟರು. "ಬೇರು ತುಂಡಾದದ್ದು ತಪ್ಪಲ್ಲ, ಒಳ್ಳೆ ಡಾಕ್ಟ್ರ ಕೈಯಲ್ಲೂ ಆಗ್ತದೆ. ಅದನ್ನು ಮುಚ್ಚಿಟ್ಟದ್ದು ತಪ್ಪು. ಕೀವು ಕಂಡೂ ಒಂದು ಎಕ್ಸ್‌ರೇ ತೆಗೆಸದೆ ಇದ್ದದ್ದು ತಪ್ಪು. ಅದಿರಲಿ, ಹಲ್ಲು ಕೀಳುವವರಿಗೆ ವಾಯಿದೆಯ ಲೆಕ್ಕ ಎಂತಕ್ಕೆ?"

ಹಲ್ಲು ಕಿತ್ತ ದಿನ ಕೊಟ್ಟಿದ್ದ, ಮಡಿಸಿಟ್ಟ ಚೀಟಿಯನ್ನು ನೆಬೀಸ ಬಿಡಿಸಿದಳು. ಡಾಕ್ಟರದೇ ಕೈಬರಹ: ಅಕ್ಟೋಬರ್ ಹತ್ತು, ಎಂಬತ್ತೊಂದು. ವಕೀಲರು ಗೋಡೆಯ ಕ್ಯಾಲೆಂಡರ್ ನೋಡಿದರು. ಸೆಪ್ಟೆಂಬರ್ ಇಪ್ಪತ್ತನಾಲ್ಕು, ಎಂಬತ್ತನಾಲ್ಕು. ಬಕ್ರೀದ್ ಚಂದ್ರನ ಲೆಕ್ಕ, ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ, ಕೋರ್ಟಿನ ಮೂರು ವರ್ಷ ಈ ಗೋಡೆಯ ಲೆಕ್ಕ ಎಂದು ಬಿಡಿಸಿ ಹೇಳಿದರು. ಇನ್ನೂ ಹದಿನಾರು ದಿನ ಬಾಕಿ.

ಡಾಕ್ಟರ ಮೇಜಿನ ಮೇಲೂ ಒಂದು ಕ್ಯಾಲೆಂಡರ್ ಇದ್ದದ್ದು ನೆಬೀಸಳಿಗೆ ನೆನಪಾಯಿತು. ಅವಳ ಹಬ್ಬವನ್ನೇ ಅವಳ ಬಾಯಿಗೆ ತುರುಕಿ ಕಳಿಸಿದ್ದರು.

"ಬೈಗುಳ ಬೇಡ ವಕೀಲ್ರೆ. ಕೇಸೇ ಬರೀರಿ."

ಹೆಬ್ಬೆಟ್ಟು ಒತ್ತಲು ಬಗ್ಗಿದಾಗ ಕಾಗದದ ಮೇಲೆ ಒಂದು ಹನಿ ಜೊಲ್ಲು ಬಿತ್ತು. ವಕೀಲರು ಒರೆಸಲು ಬಟ್ಟೆ ಹುಡುಕಿದರು.

"ಇರ್ಲಿ," ಎಂದಳು ನೆಬೀಸ. "ಜಡ್ಜರೂ ನೋಡ್ಲಿ."