ಎಡಗಡೆ ಸೀಟು

ಬೋರಮ್ಮ ಮುಷ್ಟಿ ಬಿಚ್ಚಲಿಲ್ಲ.

"ಹಾಕವ್ವಾ," ಎಂದು ಮಗಳು ಸೌಮ್ಯ ಮೂರನೆಯ ಸಲ ಕಿವಿಯ ಹತ್ತಿರ ಬಗ್ಗಿ ಹೇಳಿದಳು.

ಮುಷ್ಟಿಯೊಳಗೆ ಅಕ್ಕಿ ಇತ್ತು. ಮುಂದೆ, ಅಂಗಳದಲ್ಲಿ, ಬೆಟ್ಟಯ್ಯ ಹೊಸ ಪಂಚೆ ಉಟ್ಟು ಹಣೆಗೆ ಒಂದು ರೂಪಾಯಿ ಅಂಟಿಸಿಕೊಂಡು ಮಲಗಿದ್ದ. ನೆಂಟರು, ಬೀದಿಯವರು, ಬಸ್ ಡಿಪೋದಲ್ಲಿ ಅವನ ಜೊತೆ ಸ್ಪ್ಯಾನರ್ ಹಿಡಿದಿದ್ದ ಹಳಬರು, ಎಲ್ಲರೂ ಅವನ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಿ ಆಗಿತ್ತು. ಕೊನೆಗೆ ಹಾಕಬೇಕಾದವಳು ಹೆಂಡತಿ. ಅವಳು ಹಾಕದೆ ಹೆಣ ಎತ್ತುವ ಹಾಗಿಲ್ಲ.

"ಇನ್ನೂ ಬರೋರವ್ರೆ. ತಡೀರಿ," ಎಂದಳು ಬೋರಮ್ಮ.

"ಇನ್ಯಾರು ಬರ್ಬೇಕತ್ತಿಗೆ?" ಎಂದ ಬೆಟ್ಟಯ್ಯನ ತಮ್ಮ ಬಸವರಾಜು, ಟವಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ. "ಅಲ್ಲಿ ಗುಂಡಿ ತೆಗ್ದು ಕಾಯ್ತಾ ಕೂತವ್ರೆ. ಬಿಸ್ಲು ನೋಡಿ ಎಂಗೈತೆ."

"ನಾನು ಇಷ್ಟ್ ವರ್ಷ ಕಾದಿಲ್ವ? ನೀವು ಒಂದ್ಗಳಿಗೆ ಕಾಯ್ರಿ."

ಯಾರಿಗಾಗಿ ಕಾಯುತ್ತಿದ್ದೇನೆ ಎಂದು ಅವಳು ಹೇಳಲಿಲ್ಲ. ಗೇಟು ಕಿರುಗುಟ್ಟಿದಾಗಲೆಲ್ಲ ತಲೆ ಎತ್ತಿ ಒಳಬಂದ ಹೆಂಗಸಿನ ಮುಖ ನೋಡುತ್ತಿದ್ದಳು. ಯಾರು ಎಷ್ಟು ಅತ್ತರು, ಯಾರ ಅಳು ನೆಂಟಸ್ತಿಕೆಯ ಅಳತೆ ಮೀರಿತು ಎಂದು ಬೆಳಗಿನಿಂದ ಲೆಕ್ಕ ಹಾಕುತ್ತಲೇ ಇದ್ದಳು. ಆ ಹೆಂಗಸು ಇವತ್ತು ಬಂದೇ ಬರುತ್ತಾಳೆ. ಇವತ್ತು ಬಾರದವಳು ಇನ್ನೆಂದು ಬಂದಾಳು?

ಬೋರಮ್ಮನ ಸೊಂಟದಲ್ಲಿ ಒಂದು ಬೀಗದ ಕೈ ಚುಚ್ಚುತ್ತಿತ್ತು. ಬೆಳಗ್ಗೆ ಹೆಣಕ್ಕೆ ನೀರು ಹಾಕುವಾಗ ಗಂಡನ ಉಡಿದಾರದಿಂದ ಬಿಚ್ಚಿದ್ದು. ಹಿತ್ತಲಿನ ತಗಡಿನ ಶೆಡ್ಡಿನದು. ಶೆಡ್ಡಿನೊಳಗೆ ಕಾರು ಇತ್ತು. ಅವಳು ಇನ್ನೂ ಅತ್ತ ಹೆಜ್ಜೆ ಇಟ್ಟಿರಲಿಲ್ಲ.

*

ಇಪ್ಪತ್ತೈದು ವರ್ಷದ ಹಿಂದೆ ಬೆಟ್ಟಯ್ಯ ಆ ಕಾರನ್ನು ಎತ್ತಿನ ಗಾಡಿಯ ಮೇಲೆ ಹೇರಿಸಿಕೊಂಡು ಕೃಷ್ಣಮೂರ್ತಿಪುರಂನ ಓಣಿಗೆ ತಂದಾಗ ಮಕ್ಕಳೆಲ್ಲ ಹಿಂದೆ ಓಡಿಬಂದಿದ್ದರು. ಯಾವುದೋ ಬಂಗಲೆಯ ಹಿಂದೆ ಬಿದ್ದು, ಕೋಳಿ ಮೊಟ್ಟೆ ಇಡುವ ಜಾಗವಾಗಿದ್ದ ಎಂ.ಜಿ. ಮಿಡ್ಜೆಟ್. ಇಂಗ್ಲೆಂಡಿನ ಕಾರು. ಎರಡೇ ಸೀಟು, ಮೇಲೆ ಸೂರಿಲ್ಲ, ಬಾಗಿಲು ಮೊಣಕಾಲೆತ್ತರ.

"ತಲೆ ಮೇಲೆ ಸೂರಿಲ್ದಿರೋದನ್ನ ಯಾರಾರ ಮನೆಗೆ ತರ್ತಾರಾ?" ಎಂದಿದ್ದಳು ಬೋರಮ್ಮ.

"ಅದೇ ಕಣೆ ಅದರ ಗತ್ತು. ಎರಡು ಎಮ್ಮೆ ತೂಕವೂ ಇಲ್ಲ. ಹಗುರ ಅಂದ್ರೆ ಹಗುರ."

ಮೂರು ವರ್ಷ, ದಿನವೂ ಡಿಪೋದ ಕೆಲಸ ಮುಗಿಸಿ ಬಂದು, ಬಿಚ್ಚಿದ, ಉಜ್ಜಿದ, ಜೋಡಿಸಿದ. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಹೆಂಡತಿಯನ್ನು ಎಡಗಡೆ ಸೀಟಿನಲ್ಲಿ ಕೂರಿಸಿದ. ಅವಳು ಗಿಳಿಹಸಿರು ಸೀರೆ ಉಟ್ಟು, ಮುಡಿತುಂಬ ಮಲ್ಲಿಗೆ ಮುಡಿದಿದ್ದಳು. ಕಾರು ಹೊರಟಿತು. ಓಣಿಯ ತುದಿಯ ರಸ್ತೆ ಹಂಪಿನ ಮೇಲೆ ಹತ್ತಿ ಇಳಿಯುವಾಗ ಎಡಗಡೆ ಹೊಟ್ಟೆ ನೆಲಕ್ಕೆ ಉಜ್ಜಿ ಗರ್ ಎಂದು ಕಿರುಚಿತು.

ಹೂ ಕಟ್ಟುತ್ತ ಕೂತಿದ್ದ ಪುಟ್ಟಲಿಂಗಮ್ಮ ಅಲ್ಲಿಂದಲೇ ಕೂಗಿದ್ದಳು: "ಅಯ್ಯೋ ಬೆಟ್ಟಯ್ಯಣ್ಣ, ಬೋರಕ್ಕ ಕೂತ್ರೆ ಕಾರು ನೆಲ ಕಚ್ಚ್ಕೊಂಡ್ಬುಡ್ತಲ್ಲಪ್ಪೋ!"

ಇಡೀ ಓಣಿ ನಕ್ಕಿತು. ಬೆಟ್ಟಯ್ಯನಿಗೂ ನಗು ಬಂತು. ಅದೇ ಆದದ್ದು. ಬೋರಮ್ಮ ಅಲ್ಲೇ ಇಳಿದು, ಹೂವು ಕಿತ್ತು ಎಸೆದು ನಡೆದು ಮನೆಗೆ ಬಂದಳು. "ಈ ಜನ್ಮದಲ್ಲಿ ಅದರ ಮೇಲೆ ಕಾಲಿಡಲ್ಲ," ಎಂದಳು. ಇಡಲಿಲ್ಲ.

ಮುಂದಿನ ವರ್ಷ ಆ ಗಿಳಿಹಸಿರು ಸೀರೆ ಟ್ರಂಕಿನಿಂದ ಕಾಣೆಯಾಯಿತು. ಅಗಸರ ಮೇಲೆ, ನೆಂಟರ ಮೇಲೆ ಅನುಮಾನ ಪಟ್ಟು ಸುಮ್ಮನಾಗಿದ್ದಳು. ಆಮೇಲೆ ಒಂದು ದಿನ ಪುಟ್ಟಲಿಂಗಮ್ಮ ಹೂವಿನ ಬುಟ್ಟಿ ಇಳಿಸಿ, ಅತ್ತಿತ್ತ ನೋಡಿ, "ಹೇಳ್ಬಾರ್ದು ಕಣಕ್ಕ. ಬೆಳಿಗ್ಗೆ ಬಸ್‌ನಲ್ಲಿ ಬರ್ವಾಗ ನಂಜನಗೂಡು ರಸ್ತೇಲಿ ಅಣ್ಣನ ಕಾರು ನೋಡ್ದೆ. ಪಕ್ಕದಲ್ಲಿ ಯಾರೋ ಅವ್ಳೆ. ತಲೆ ಬಗ್ಗಿಸ್ಕೊಂಡು ಕೂತವ್ಳೆ. ಹಸ್ರು ಸೀರೆ," ಎಂದಳು.

ಬೋರಮ್ಮ ಗಂಡನನ್ನು ಕೇಳಲಿಲ್ಲ. ಕೇಳಿದರೆ ಅವನು ಹೌದು ಅಂದುಬಿಟ್ಟರೆ? ಸುಳ್ಳು ಹೇಳಲು ಬಾರದ ಗಂಡಸು. ಅಂದಿನಿಂದ ತಿಂಗಳಿಗೊಂದು ಭಾನುವಾರ, ಶೆಡ್ಡಿನ ಬಾಗಿಲು ತೆರೆಯುವ ಸದ್ದಾದರೆ ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಕಾರು ಗುರುಗುಟ್ಟುತ್ತ ಓಣಿ ದಾಟಿದ ಮೇಲೇ ಏಳುತ್ತಿದ್ದಳು. ವರ್ಷ ವರ್ಷವೂ ಆಯುಧಪೂಜೆಯ ದಿನ ಬೆಟ್ಟಯ್ಯ ಬಾಗಿಲಲ್ಲಿ ನಿಂತು, "ಬಾರೆ, ಒಂದು ರೌಂಡು. ಈಗ ತಗಲಲ್ಲ," ಎನ್ನುತ್ತಿದ್ದ. ಇವಳು ಮುಖ ಎತ್ತುತ್ತಿರಲಿಲ್ಲ. ಆ ಹಸಿರು ಸೀರೆಯವಳನ್ನು ಕೂರಿಸಿದ ಸೀಟಿಗೆ ನನ್ನನ್ನೂ ಕರೆಯುತ್ತಾನಲ್ಲ ಎಂದುಕೊಳ್ಳುತ್ತಿದ್ದಳು.

ಇನ್ನೊಂದು ವಿಷಯ. ಬೋರಮ್ಮನಿಗೆ ಸಕ್ಕರೆ ಕಾಯಿಲೆ ಬಂದಮೇಲೆ ಅವಳು ಆಸ್ಪತ್ರೆಯಿಂದ ಬಂದ ತಕ್ಷಣ ಬೆಟ್ಟಯ್ಯ ಚೀಟಿ ಕಿತ್ತುಕೊಂಡು ನೋಡುತ್ತಿದ್ದ. ಸಕ್ಕರೆ ಎಷ್ಟು ಎಂದು ಕೇಳುತ್ತಿರಲಿಲ್ಲ. "ತೂಕ ಎಷ್ಟ್ ಬಂತೆ?" ಎನ್ನುತ್ತಿದ್ದ. ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದ.

"ಸಂತೇಲಿ ಕುರಿ ಕೊಳ್ಳೋನ ಥರ ಆಡ್ತೀರಲ್ಲ," ಎಂದು ಬೈಯುತ್ತಿದ್ದಳು. ಆ ಇನ್ನೊಬ್ಬಳ ಜೊತೆ ನನ್ನನ್ನು ತೂಗಿ ನೋಡುತ್ತಿದ್ದಾನೆ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಳು.

*

ಗೇಟು ಕಿರುಗುಟ್ಟಿತು. ನಲವತ್ತರ ಆಸುಪಾಸಿನ ಹೆಂಗಸು. ಕಾಫಿಪುಡಿ ಬಣ್ಣದ ಸೀರೆ, ಕೈಯಲ್ಲಿ ಸೇವಂತಿಗೆ ಹಾರ. ಯಾರ ಪರಿಚಯವೂ ಇಲ್ಲದವಳು. ಹೆಣದ ಕಾಲ ಬಳಿ ಕೂತವಳೇ "ಅಣ್ಣಾ, ಈ ಭಾನುವಾರ ಬರ್ತೀನಿ ಅಂದಿದ್ರಲ್ಲಣ್ಣಾ," ಎಂದು ಬಿಕ್ಕಿದಳು.

ಪುಟ್ಟಲಿಂಗಮ್ಮನ ಬಾಯಿಯೊಳಗಿನ ಎಲೆಅಡಿಕೆ ನಿಂತಿತು.

"ನೀನ್ಯಾರವ್ವ?" ಎಂದಳು ಬೋರಮ್ಮ.

"ವಾಣಿ ಅಂತ. ಮಂಡಕಳ್ಳಿ ಹತ್ರ ನಮ್ದು ಗುಜರಿ ಅಂಗಡಿ. ಮುಂಚೆ ಅಪ್ಪ ನೋಡ್ಕೊತಿದ್ರು, ಈಗ ನಾನು." ಕಣ್ಣೊರೆಸಿಕೊಂಡಳು. "ನೀವು ಬೋರಮ್ಮ ಅಲ್ವಾ? ನಿಮ್ಮನ್ನ ನೋಡಿರ್ಲಿಲ್ಲ. ಆದ್ರೆ ನೀವು ಚೆನ್ನಾಗ್ ಗೊತ್ತು ನಂಗೆ."

"ಏನ್ ಗೊತ್ತು?"

"ನೀವೀಗ ನಲವತ್ತೇಳು ಕೆಜಿ."

ಯಾರೋ ಕೆಮ್ಮಿದರು. ಸೌಮ್ಯ ಅಮ್ಮನ ತೋಳು ಹಿಡಿದುಕೊಂಡಳು. ಹೋದ ವಾರದ ಆಸ್ಪತ್ರೆ ಚೀಟಿಯಲ್ಲಿದ್ದದ್ದು ನಲವತ್ತೇಳೇ. ಗಂಡ ಈ ಹೆಂಗಸಿನ ಹತ್ತಿರ ಹೋಗಿ ನನ್ನ ಮೈ ಸವೆಯುವ ಕತೆ ಹೇಳುತ್ತಿದ್ದನೇ? ಬೋರಮ್ಮನ ಮುಷ್ಟಿ ಇನ್ನೂ ಬಿಗಿಯಾಯಿತು.

"ನನ್ನ ತೂಕ ಕಟ್ಕೊಂಡು ನಿಂಗೇನಾಗ್ಬೇಕು?"

"ನಂಗಲ್ಲಮ್ಮ. ಅಣ್ಣ ಮೂಟೆ ತೂಗ್ಸೋಕೆ ಬರ್ತಿದ್ರಲ್ಲ. ನಮ್ ಮಿಷನ್ ಮೇಲೆ..." ವಾಣಿ ನಿಲ್ಲಿಸಿ ಸುತ್ತಲಿನ ಮುಖಗಳನ್ನು ನೋಡಿದಳು. "ನಿಮ್ಗೆ ಗೊತ್ತಿಲ್ವಾ? ಅಯ್ಯೋ. ನಾನ್ ಹೇಳ್ಬಾರ್ದಿತ್ತೇನೋ."

"ಏಳು ಮೇಲೆ," ಎಂದಳು ಬೋರಮ್ಮ. ಸೊಂಟದಿಂದ ಬೀಗದ ಕೈ ತೆಗೆದಳು. "ನಡಿ. ಅಲ್ಲೇ ಹೇಳೀವಂತೆ."

"ಅತ್ತಿಗೆ, ಅಕ್ಕಿ!" ಎಂದ ಬಸವರಾಜು.

"ನನ್ ಕೈಲೇ ಐತೆ. ಎಲ್ಗೂ ಓಡೋಗಲ್ಲ ಅದು. ಅವರೂ ಓಡೋಗಲ್ಲ."

*

ಶೆಡ್ಡಿನ ಬೀಗ ಎಣ್ಣೆ ಕುಡಿದ ಬೀಗ, ಮುಟ್ಟಿದ್ದೇ ತಡ ತೆರೆಯಿತು. ಕಾರು ತನ್ನಷ್ಟಕ್ಕೆ ತಾನು ಕೆಂಪಗೆ ಕೂತಿತ್ತು. ಎಡಗಡೆ ಸೀಟಿನಲ್ಲಿ, ಬೆಲ್ಟು ಬಿಗಿದುಕೊಂಡು, ತಲೆ ತಗ್ಗಿಸಿದ ಹಾಗೆ, ಗಿಳಿಹಸಿರು ಸೀರೆ.

ಸೌಮ್ಯ ಒಂದು ಹೆಜ್ಜೆ ಹಿಂದೆ ಸರಿದಳು. ಬೋರಮ್ಮ ಸರಿಯಲಿಲ್ಲ. ಹತ್ತಿರ ಹೋಗಿ ಬೆರಳಲ್ಲಿ ತಿವಿದಳು. ಒಳಗೆ ಮರಳು ಕರಕರ ಎಂದಿತು.

"ಸೀಟು ಹಾಳಾಗ್ಬಾರ್ದು ಅಂತ ಸೀರೆ ಸುತ್ತಿದ್ರು," ಎಂದಳು ವಾಣಿ ಮೆಲ್ಲಗೆ. "ಈ ಕಾರು ಹಗುರ ಅಲ್ವಾಮ್ಮ, ಪಕ್ದಲ್ಲಿ ಕೂರೋರು ಎಷ್ಟ್ ತೂಕ ಇದ್ದಾರೆ ಅಂತ ನೋಡಿ ಸ್ಪ್ರಿಂಗ್ ಕೂರಿಸ್ಬೇಕಂತೆ. ನಮ್ಮಲ್ಲಿ ಮೂಟೆ ತೂಗಿಸಿ, ನಿಮ್ ತೂಕಕ್ಕೆ ಸರಿ ಬರೋವರ್ಗೂ ಮರಳು ಹಾಕಿ, ತೆಗ್ದು, ಆಮೇಲೆ ಅಂಗಡಿ ಮುಂದಿನ ಹಂಪ್ ಮೇಲೆ ನಾಲ್ಕು ಸಲ ಹೋಗಿ ಬರೋರು. ಬಗ್ಗಿ ಕಿವಿ ಕೊಟ್ಟು ಕೇಳೋರು. ತಗಲಲ್ಲ ಕಣಮ್ಮ, ತಗಲಲ್ಲ, ಅಂತ ನಂಗೇ ಹೇಳೋರು. ಮೊದ್ಲು ಮರಳು ಹಾಕ್ಸೋರು. ಈಗೀಗ ಬರೀ ತೆಗೆಸೋದೇ ಆಗಿತ್ತು. ತೆಗ್ಸೋ ದಿನ ಟೀ ಕೊಟ್ರೂ ಕುಡೀತಿರ್ಲಿಲ್ಲ."

ಮೂಟೆಯ ಕತ್ತಿಗೆ ರೆಕ್ಸಿನ್ ತುಂಡೊಂದನ್ನು ಕಟ್ಟಿತ್ತು. ಅದರ ಮೇಲೆ ಬೆಟ್ಟಯ್ಯನ ಸೊಟ್ಟ ಅಂಕಿ. ೬೮ ಹೊಡೆದು ೭೧. ೭೧ ಹೊಡೆದು ೬೬. ೫೯. ೫೪. ೫೦. ಎಲ್ಲದರ ಮೇಲೂ ಗೆರೆ. ಕೊನೆಯ ೪೭ರ ಮೇಲೆ ಮಾತ್ರ ಗೆರೆ ಇರಲಿಲ್ಲ. ಬೋರಮ್ಮನಿಗೆ ಓದು ಬಾರದು, ಅಂಕಿ ಬರುತ್ತಿತ್ತು.

ಅವಳು ಎಡಗೈಯಲ್ಲೇ ಮೂಟೆಯನ್ನು ಎಳೆದು ನೋಡಿದಳು. ಅಲುಗಲಿಲ್ಲ.

"ಇಳಿಸ್ರೇ ಇದನ್ನ," ಎಂದಳು.

ಸೌಮ್ಯ, ವಾಣಿ ಇಬ್ಬರೂ ಬೆಲ್ಟು ಬಿಚ್ಚಿ, ಏದುಸಿರು ಬಿಡುತ್ತ ಮೂಟೆ ಎತ್ತಿ ಗೋಡೆಗೆ ಒರಗಿಸಿದರು. ಕಾರಿನ ಎಡಮಗ್ಗುಲು ಒಂದು ಬೆರಳು ಮೇಲೆದ್ದಿತು.

ಬೋರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳ ಭುಜ ಹಿಡಿದು, ಮೊಣಕಾಲೆತ್ತರದ ಬಾಗಿಲೊಳಗೆ ಒಂದು ಕಾಲು, ಇನ್ನೊಂದು ಕಾಲು ಇಟ್ಟು ಕೂತಳು. ಕಾರು ಮೆಲ್ಲಗೆ ತಗ್ಗಿತು. ವಾಣಿ ಅಭ್ಯಾಸಬಲದಿಂದ ಬಗ್ಗಿ ಎರಡೂ ಪಕ್ಕ ನೋಡಿದಳು. ಮೂಟೆ ಇದ್ದಾಗಿನದಕ್ಕೂ ಈಗಿನದಕ್ಕೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ.

ಪಕ್ಕದ ಸೀಟು ಖಾಲಿ ಇತ್ತು. ಸ್ಟಿಯರಿಂಗಿನ ಮೇಲೆ, ಅವನು ಕೈ ಇಡುತ್ತಿದ್ದ ಕಡೆ, ಕಪ್ಪು ಬಣ್ಣ ಸವೆದು ಬೆಳ್ಳಗಾಗಿತ್ತು.

"ಕೇಳಿದ್ರೆ ಹೇಳ್ತಿದ್ರೇನೋ," ಎಂದಳು ಬೋರಮ್ಮ. ಯಾರಿಗೆ ಎಂದು ಗೊತ್ತಾಗಲಿಲ್ಲ.

"ಅತ್ತಿಗೇ!" ಎಂದು ಅಂಗಳದಿಂದ ಬಸವರಾಜು ಕೂಗಿದ. "ಹೊತ್ತಾಯ್ತು, ಎತ್ತೋದಾ?"

"ಮುಟ್ಟ್‌ಬೇಡ್ರೋ! ನಾನಿನ್ನೂ ಅಕ್ಕಿ ಹಾಕಿಲ್ಲ," ಎಂದು ಇಡೀ ಓಣಿಗೆ ಕೇಳುವಂತೆ ಕೂಗಿಕೊಂಡು ಅವಳು ಇಳಿದಳು. ಬರಿಗಾಲಲ್ಲಿ ಅಂಗಳದ ಕಡೆ ನಡೆದಳು. ಬೆವರಿಗೆ ನೆನೆದ ನಾಲ್ಕು ಕಾಳು ಬೆರಳ ಸಂದಿಯಿಂದ ದಾರಿಯಲ್ಲಿ ಉದುರಿದವು.

ಶೆಡ್ಡಿನ ಬಾಗಿಲನ್ನು ಯಾರೂ ಹಾಕಲಿಲ್ಲ. ಗೋಡೆಗೆ ಒರಗಿ ಹಸಿರು ಸೀರೆಯ ಮೂಟೆ ಕೂತಿತ್ತು. ಕಾರಿನ ಎಡಮಗ್ಗುಲು ಮತ್ತೆ ಒಂದು ಬೆರಳು ಮೇಲೆದ್ದು ಹಾಗೇ ನಿಂತಿತ್ತು.